ಸುಡೋ ಬಫರ್ ಓವರ್‌ಫ್ಲೋ: ನಿಮ್ಮ ರೆಡ್ ಹ್ಯಾಟ್ ಸರ್ವರ್ ನಿಜವಾಗ್ಲೂ ಪ್ಯಾಚ್ ಆಗಿದ್ಯಾ ಅಂತ ನೋಡೋದು ಹೇಗೆ?

"ಸುಡೋ ವರ್ಷನ್ 1.8.23 ಅಂತ ತೋರಿಸ್ತಿದೆ, ಆಡಿಟ್‌ನವರು ರಿಪೋರ್ಟಲ್ಲಿ ಕೆಂಪು ಗುರುತು ಹಾಕಿದಾರೆ, ಯಮ್ ಅಪ್‌ಡೇಟ್ ಹೊಡೆದ್ರೆ ಹೊಸದೇನೂ ಇಲ್ಲ ಅಂತಿದೆ, ಈಗ ಏನ್ ಮಾಡ್ಲಿ?" ಈ ಪ್ರಶ್ನೆ ಬರೋದು ಇನ್ನೂ ನಿಂತಿಲ್ಲ. (ಯಮ್ ಅಂದ್ರೆ ರೆಡ್ ಹ್ಯಾಟ್ ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕೋ, ಅಪ್‌ಡೇಟ್ ಮಾಡೋ ಕಮಾಂಡ್.) ಸುಡೋ ಒಳಗಿನ ಈ ತೂತು, ಅಂದ್ರೆ ಭದ್ರತೆಯ ಲೋಪ, ಗೊತ್ತಾಗಿ, ಪ್ಯಾಚ್ ಅಂದ್ರೆ ಅದನ್ನ ಮುಚ್ಚೋ ತಿದ್ದುಪಡಿ ಬಂದು ವರ್ಷಗಳೇ ಆದ್ವು, ಆದ್ರೂ ಹಳೇ ಸರ್ವರ್‌ಗಳು ಎಲ್ಲಾ ಕಡೆ ಓಡ್ತಾನೇ ಇವೆ, ಅವನ್ನ ನೋಡ್ಕೊಳ್ಳೋಕೆ ಹೊಸಬರು ಬರ್ತಾನೇ ಇದಾರೆ. ಹಾಗಾಗಿ ಒಂದೇ ಸಲ ಎಲ್ಲಾನೂ ಬಿಡಿಸಿ ಬರೀತಿದೀನಿ.

ಶುರು ಮಾಡೋಕ್ ಮುಂಚೆ ಒಂದು ಮಾತು. ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ಪಕ್ಕದ ಸೀಟಿನವರಿಗೆ ಬಾಯಲ್ಲಿ ಹೇಳ್ದಂಗೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೀರಿ, ಸ್ಪೇಸ್ ಮತ್ತೆ ಹೈಫನ್ ನಾನು ಬರೆದಲ್ಲೇ ಇರ್ಲಿ. ದೊಡ್ಡಕ್ಷರ ಅಂತ ನಾನು ಹೇಳಿದ ಕಡೆ ಮಾತ್ರ ದೊಡ್ಡಕ್ಷರ ಹೊಡೀಬೇಕು.

ಮೊದ್ಲು ಇದೇನು ಅಂತ ತಿಳ್ಕೊಳಿ

ಸುಡೋ ಅಂದ್ರೆ ಸಾಮಾನ್ಯ ಯೂಸರ್‌ಗೆ ರೂಟ್ ಅಧಿಕಾರದಲ್ಲಿ ಕೆಲಸ ಮಾಡೋಕೆ ಬಿಡೋ ಪ್ರೋಗ್ರಾಂ. ರೂಟ್ ಅಂದ್ರೆ ಆ ಮಷಿನ್‌ನ ಯಜಮಾನ, ಅವನಿಗೆ ಬೇಡ ಅನ್ನೋರಿಲ್ಲ. ಸುಡೋ ಫೈಲ್ ಮೇಲೆ ಸೆಟ್‌ಯುಐಡಿ ಅಂತ ಒಂದು ಗುರುತಿರುತ್ತೆ, ಅದಿರೋದ್ರಿಂದ ಯಾರೇ ಅದನ್ನ ಓಡಿಸ್ಲಿ ಪ್ರೋಗ್ರಾಂ ಮಾತ್ರ ರೂಟ್ ಆಗೇ ಓಡುತ್ತೆ, ಆಮೇಲೆ ಒಳಗಡೆ ಕೂತ್ಕೊಂಡು ಇವರಿಗೆ ಅನುಮತಿ ಇದ್ಯಾ ಇಲ್ವಾ ಅಂತ ನೋಡುತ್ತೆ. ಅಂಥಾ ಪ್ರೋಗ್ರಾಂನ ಒಳಗೇ ಮೆಮೊರಿ ತಪ್ಪಿದ್ರೆ ಎಷ್ಟು ಅಪಾಯ ಅಂತ ಬೇರೆ ಹೇಳ್ಬೇಕಿಲ್ಲ.

2021ರ ಜನವರಿ 26ಕ್ಕೆ, ನಮ್ಮಲ್ಲಿ ಗಣರಾಜ್ಯೋತ್ಸವದ ರಜೆ ಇದ್ದ ದಿನ, ಕ್ವಾಲಿಸ್ ಅನ್ನೋ ಸೆಕ್ಯುರಿಟಿ ಕಂಪನಿ ಈ ತೂತನ್ನ ಬಹಿರಂಗ ಮಾಡ್ತು. ನಂಬರ್ ಸಿವಿಇ-2021-3156. ಅವರೇ ಇಟ್ಟ ಅಡ್ಡಹೆಸರು ಬ್ಯಾರನ್ ಸಾಮೆಡಿಟ್. ಸಿವಿಇ ಅಂದ್ರೆ ಜಗತ್ತಿನಾದ್ಯಂತ ಒಂದು ತೂತಿಗೆ ಒಂದೇ ನಂಬರ್ ಇರ್ಲಿ ಅಂತ ಮಾಡ್ಕೊಂಡಿರೋ ಪಟ್ಟಿ. ತಪ್ಪು ಕೋಡ್ ಸುಡೋ ಒಳಗೆ ಸೇರಿದ್ದು 2011ರ ಜುಲೈನಲ್ಲಿ, ಅಂದ್ರೆ ಹತ್ರತ್ರ ಹತ್ತು ವರ್ಷ ಯಾರ ಕಣ್ಣಿಗೂ ಬೀಳ್ದೆ ಕೂತಿತ್ತು. ಸುಡೋ 1.8.2ರಿಂದ 1.8.31ಪಿ2 ತನಕ, ಆಮೇಲೆ 1.9.0ಯಿಂದ 1.9.5ಪಿ1 ತನಕ ಎಲ್ಲದ್ರಲ್ಲೂ ಇದೆ. 1.9.5ಪಿ2ನಲ್ಲಿ ಸರಿ ಮಾಡಿದ್ರು. ಕ್ವಾಲಿಸ್‌ನವರು ಉಬುಂಟು 20.04, ಡೆಬಿಯನ್ 10, ಫೆಡೋರಾ 33 ಮೂರರಲ್ಲೂ ಪೂರ್ತಿ ರೂಟ್ ಆಗಿ ತೋರಿಸಿದ್ರು. ಮ್ಯಾಕ್‌ನಲ್ಲೂ ಇದೇ ಸುಡೋ ಇದ್ದಿದ್ರಿಂದ ಆಪಲ್‌ನವರೂ ಫೆಬ್ರವರಿಯಲ್ಲಿ ಬಿಗ್ ಸರ್ 11.2.1ರಲ್ಲಿ ಪ್ಯಾಚ್ ಬಿಡಬೇಕಾಯ್ತು.

ತುಂಬಾ ಜನ ಇಲ್ಲೊಂದು ತಪ್ಪು ತಿಳ್ಕೊಂಡಿರ್ತಾರೆ, "ನಮ್ಮ ಯೂಸರ್‌ಗಳಿಗೆ ಸುಡೋ ಅನುಮತೀನೇ ಕೊಟ್ಟಿಲ್ಲ, ನಮಗೇನೂ ಆಗಲ್ಲ" ಅಂತ. ಹಾಗಲ್ಲ. ಯಾರಿಗೆ ಸುಡೋ ಅನುಮತಿ ಇದೆ ಅಂತ ಬರೆದಿರೋ ಸುಡೋಯರ್ಸ್ ಫೈಲಲ್ಲಿ ಹೆಸರು ಇರಬೇಕಿಲ್ಲ, ಪಾಸ್‌ವರ್ಡ್ ಗೊತ್ತಿರಬೇಕಿಲ್ಲ, ನೋಬಡಿ ಅನ್ನೋ ಅತೀ ಕಮ್ಮಿ ಅಧಿಕಾರದ ಅಕೌಂಟಿಂದಲೂ ಇದನ್ನ ಬಳಸ್ಕೊಂಡು ರೂಟ್ ಆಗಬಹುದು. ಅಂದ್ರೆ ನಿಮ್ಮ ವೆಬ್ ಅಪ್ಲಿಕೇಶನ್‌ನಲ್ಲಿ ಒಂದು ಸಣ್ಣ ತೂತಿದ್ದು ಅದ್ರಿಂದ ಯಾರೋ ವೆಬ್ ಸರ್ವರ್ ಓಡಿಸೋ ಅಪಾಚೆ ಯೂಸರ್ ಆಗಿ ಒಳಗೆ ಬಂದ್ರು ಅಂತಿಟ್ಕೊಳಿ, ಮುಂದಿನ ಮೆಟ್ಟಿಲು ಇದೇ. ಇನ್ನೂ ಕೆಲವರು ಇದನ್ನ 2019ರ ಸಿವಿಇ ನಂಬರ್ ಇರೋ ಇನ್ನೊಂದು ಸುಡೋ ತೂತಿನ ಜೊತೆ ಕಲಸಿಬಿಡ್ತಾರೆ. ಅದು ಪಿಡಬ್ಲ್ಯೂಫೀಡ್‌ಬ್ಯಾಕ್ ಅನ್ನೋ ಸೆಟ್ಟಿಂಗ್ ಆನ್ ಇದ್ರೆ ಮಾತ್ರ, ಪಾಸ್‌ವರ್ಡ್ ಹೊಡೆಯುವಾಗ ನಕ್ಷತ್ರ ತೋರಿಸುತ್ತಲ್ಲ ಅದು. ಇದಕ್ಕೆ ಅಂಥಾ ಯಾವ ಸೆಟ್ಟಿಂಗೂ ಬೇಡ, ಇನ್‌ಸ್ಟಾಲ್ ಆಗಿದ್ರೆ ಸಾಕು.

ಒಳಗಡೆ ಏನಾಗುತ್ತೆ

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ, ಇದು ಅರ್ಥ ಆದ್ರೆ ಮುಂದಿನ ಟೆಸ್ಟ್ ಯಾಕೆ ಹಂಗಿದೆ ಅನ್ನೋದೂ ಅರ್ಥ ಆಗುತ್ತೆ.

ಬಫರ್ ಅಂದ್ರೆ ಪ್ರೋಗ್ರಾಂ ತನಗೆ ಇಷ್ಟು ಬೈಟ್ ಬೇಕು ಅಂತ ಲೆಕ್ಕ ಹಾಕಿ ತಗೊಂಡ ಮೆಮೊರಿ ಜಾಗ. ಹೀಪ್ ಅಂದ್ರೆ ಓಡ್ತಾ ಓಡ್ತಾ ಬೇಕಾದಾಗ ಜಾಗ ಕೇಳಿ ತಗೊಳ್ಳೋ ಮೆಮೊರಿಯ ಭಾಗ. ಐದು ಸೇರಿನ ಡಬ್ಬಕ್ಕೆ ಏಳು ಸೇರು ಸುರಿದ್ರೆ ನೆಲಕ್ಕೆ ಚೆಲ್ಲುತ್ತೆ, ಇಲ್ಲಿ ಹಂಗಲ್ಲ, ಪಕ್ಕದ ಡಬ್ಬದಲ್ಲಿ ಬೇರೇನೋ ಇರುತ್ತೆ, ಮಿಕ್ಕಿದ್ದು ಅದರ ಮೇಲೆ ಹೋಗಿ ಬೀಳುತ್ತೆ. ಆ ಪಕ್ಕದ ಡಬ್ಬದಲ್ಲಿ ಸುಡೋ ಮುಂದೆ ಯಾವ ಲೈಬ್ರರಿ ಲೋಡ್ ಮಾಡಬೇಕು ಅನ್ನೋ ತರದ ಮಾಹಿತಿ ಇದ್ರೆ ದಾಳಿ ಮಾಡೋರಿಗೆ ಅಷ್ಟೇ ಸಾಕು.

ಈಗ ಸುಡೋ ವಿಷಯ. ಸುಡೋಗೆ -ಎಸ್ ಅಂತ ಒಂದು ಆಪ್ಷನ್ ಇದೆ, ಕಮಾಂಡನ್ನ ಶೆಲ್, ಅಂದ್ರೆ ನೀವು ಹೊಡೆದ ಕಮಾಂಡ್ ಓದಿ ಓಡಿಸೋ ಪ್ರೋಗ್ರಾಂ, ಅದರ ಮೂಲಕ ಓಡಿಸು ಅಂತ ಅದರರ್ಥ. ಆಗ ಸುಡೋ ಎರಡು ಕೆಲಸ ಮಾಡುತ್ತೆ. ಮೊದಲ್ನೇದು, ನೀವು ಕೊಟ್ಟ ಪದಗಳಲ್ಲಿರೋ ವಿಶೇಷ ಚಿಹ್ನೆಗಳ ಮುಂದೆಲ್ಲ ಒಂದೊಂದು ಬ್ಯಾಕ್‌ಸ್ಲ್ಯಾಶ್ ಸೇರಿಸುತ್ತೆ, ಇದಕ್ಕೆ ಎಸ್ಕೇಪ್ ಮಾಡೋದು ಅಂತಾರೆ. ಆಮೇಲೆ ಅನುಮತಿ ನೋಡೋ ಭಾಗದಲ್ಲಿ, ಸೆಟ್‌ಕಮಾಂಡ್ ಅನ್ನೋ ಫಂಕ್ಷನ್‌ನಲ್ಲಿ, ಆ ಬ್ಯಾಕ್‌ಸ್ಲ್ಯಾಶ್‌ಗಳನ್ನ ತೆಗೀತಾ ತೆಗೀತಾ ಬಫರ್‌ಗೆ ಕಾಪಿ ಮಾಡುತ್ತೆ. ತೆಗೆಯೋ ನಿಯಮ ಸರಳ, ಬ್ಯಾಕ್‌ಸ್ಲ್ಯಾಶ್ ಕಂಡ್ರೆ, ಅದರ ಮುಂದಿರೋದು ಖಾಲಿ ಜಾಗ ಅಲ್ದಿದ್ರೆ, ಬ್ಯಾಕ್‌ಸ್ಲ್ಯಾಶ್ ಬಿಟ್ಟು ಮುಂದಿನ ಬೈಟ್ ಕಾಪಿ ಮಾಡು.

ಒಂದು ಪದ ತಗೊಳಿ, ಮೂರು ಇಂಗ್ಲಿಷ್ ಅಕ್ಷರ, ಕೊನೆಗೆ ಒಂದೇ ಒಂದು ಬ್ಯಾಕ್‌ಸ್ಲ್ಯಾಶ್. ನಾಲ್ಕು ಬೈಟ್ ಆಯ್ತು, ಜೊತೆಗೆ "ಇಲ್ಲಿಗೆ ಮುಗೀತು" ಅಂತ ಹೇಳೋ ಸೊನ್ನೆ ಬೈಟ್ ಒಂದು, ಒಟ್ಟು ಐದು. ಸುಡೋ ಐದು ಬೈಟ್ ಜಾಗ ತಗೊಂಡ್ತು. ಮೂರಕ್ಷರ ಕಾಪಿ ಆಯ್ತು. ನಾಲ್ಕನೇದು ಬ್ಯಾಕ್‌ಸ್ಲ್ಯಾಶ್, ನಿಯಮದ ಪ್ರಕಾರ ಅದನ್ನ ಬಿಟ್ಟು ಮುಂದಿನ ಬೈಟ್ ಕಾಪಿ ಮಾಡಬೇಕು, ಆದ್ರೆ ಮುಂದಿನ ಬೈಟ್ ಅಂದ್ರೆ ಆ ಮುಗೀತು ಅನ್ನೋ ಸೊನ್ನೇನೇ. ಅದನ್ನ ಮಾಮೂಲಿ ಅಕ್ಷರದ ತರ ಕಾಪಿ ಮಾಡಿ ದಾಟಿ ಹೋಗಿಬಿಡ್ತು. ನಿಲ್ಲಬೇಕಾದ ಜಾಗಾನೇ ದಾಟಿದ ಮೇಲೆ ನಿಲ್ಲೋದೆಲ್ಲಿ? ಮೆಮೊರಿಯಲ್ಲಿ ಅದರ ಮುಂದೆ ಏನಿದ್ಯೋ ಅದನ್ನೆಲ್ಲ ಓದ್ಕೊಂಡು ಬರ್ಕೊಂಡು ಹೋಗುತ್ತೆ, ಮುಂದೆ ಇರೋದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು, ಅಂದ್ರೆ ಯೂಸರ್ ತನಗೆ ಬೇಕಾದಂಗೆ ತುಂಬಿಸಬಹುದಾದ ಮೌಲ್ಯಗಳು. ಹಿಂಗಾಗಿ ಬಫರ್ ಎಷ್ಟು ದೊಡ್ಡದಿರಬೇಕು, ಎಷ್ಟು ಉಕ್ಕಬೇಕು, ಏನು ಉಕ್ಕಬೇಕು, ಮೂರೂ ದಾಳಿಕೋರನ ಕೈಲೇ ಇರುತ್ತೆ. ಈ ತೂತು ಇಷ್ಟು ಕೆಟ್ಟದ್ದು ಅಂತ ನಾನು ಪದೇ ಪದೇ ಹೇಳೋದು ಇದಕ್ಕೇನೇ.

ಸರಿ, ಮೊದ್ಲೇ ಎಸ್ಕೇಪ್ ಮಾಡಿರ್ತಾರಲ್ಲ, ಒಂಟಿ ಬ್ಯಾಕ್‌ಸ್ಲ್ಯಾಶ್ ಎರಡಾಗಿರಬೇಕಲ್ಲ ಅಂತ ನೀವು ಕೇಳಬಹುದು. ಸುಡೋ -ಎಸ್ ಅಂತ ಓಡಿಸಿದ್ರೆ ಹಂಗೇ ಆಗುತ್ತೆ, ತೊಂದ್ರೆ ಇಲ್ಲ. ಆದ್ರೆ ಅದೇ ಪ್ರೋಗ್ರಾಂನ ಸುಡೋಎಡಿಟ್ ಅನ್ನೋ ಹೆಸರಲ್ಲಿ, ಅಂದ್ರೆ ಫೈಲ್ ತಿದ್ದೋಕೆ ಬಳಸೋ ಅದರ ಇನ್ನೊಂದು ಹೆಸರಲ್ಲಿ, -ಎಸ್ ಕೊಟ್ಟು ಓಡಿಸಿದ್ರೆ, ಸೇರಿಸೋ ಕೋಡ್ "ಇದು ಎಡಿಟ್ ಮೋಡ್, ನನ್ನ ಕೆಲ್ಸ ಅಲ್ಲ" ಅಂತ ಸುಮ್ನಾಗುತ್ತೆ, ತೆಗೆಯೋ ಕೋಡ್ ಮಾತ್ರ "ಶೆಲ್ ಮೋಡ್ ಇದೆ" ಅಂತ ತೆಗೆಯೋಕೆ ಕೂರುತ್ತೆ. ಎರಡೂ ಕಡೆ ಷರತ್ತು ಒಂದೇ ತರ ಬರೆಯದೇ ಇದ್ದಿದ್ದೇ ಮೂಲ. ಪ್ಯಾಚ್‌ನಲ್ಲಿ ಸುಡೋಎಡಿಟ್‌ಗೆ -ಎಸ್ ಕೊಟ್ರೆ ಬಾಗಿಲಲ್ಲೇ ತಡೆಯೋ ಹಂಗೆ ಮಾಡಿದ್ರು, ಕಾಪಿ ಮಾಡೋ ಜಾಗದಲ್ಲೂ ಸೊನ್ನೆ ಬೈಟ್ ದಾಟದಂಗೆ ತಡೆ ಹಾಕಿದ್ರು.

ಏನೇನು ಬೇಕು

ಪ್ರತಿ ಸರ್ವರ್‌ಗೂ ಒಂದು ಸಾಮಾನ್ಯ ಯೂಸರ್ ಲಾಗಿನ್, ಒಂದು ರೂಟ್ ಲಾಗಿನ್. ರೂಟ್ ಪಾಸ್‌ವರ್ಡ್ ಗೊತ್ತಿಲ್ದೇ ಬರೀ ಸುಡೋ ಮೇಲೇ ನಡೀತಿರೋ ಸರ್ವರ್ ಆದ್ರೆ ಕನ್ಸೋಲ್ ದಾರಿ, ಅಂದ್ರೆ ನೇರವಾಗಿ ಮಷಿನ್‌ನ ಪರದೆಗೇ ಹೋಗೋ ವಿಎಂವೇರ್ ಅಥವಾ ಐಲೋ ತರದ್ದು, ಕೈಗೆ ಸಿಗೋ ಹಂಗೆ ಇಟ್ಕೊಳಿ. ಸಬ್‌ಸ್ಕ್ರಿಪ್ಷನ್ ಸರಿಯಾಗಿದ್ಯಾ ಅಂತ "ಸಬ್‌ಸ್ಕ್ರಿಪ್ಷನ್-ಮ್ಯಾನೇಜರ್ ಸ್ಟೇಟಸ್" ಹೊಡೆದು ನೋಡಿ. ಆಮೇಲೆ ಒಂದು ಸರ್ವರ್ ಪಟ್ಟಿ. ಪಟ್ಟಿ ಇಲ್ದೇ ಶುರು ಮಾಡ್ಬೇಡಿ, ಬಿಟ್ಟುಹೋಗೋದು ಯಾವಾಗ್ಲೂ ಪಟ್ಟೀಲಿ ಇಲ್ದಿರೋದೇ.

ಹಂತ 1: ಯಾವ ಓಎಸ್, ಯಾವ ಆವೃತ್ತಿ ಅಂತ ಬೇರೆ ಮಾಡ್ಕೊಳಿ

"ಕ್ಯಾಟ್ /ಇಟಿಸಿ/ರೆಡ್‌ಹ್ಯಾಟ್-ರಿಲೀಸ್" ಹೊಡೀರಿ. ರೆಡ್ ಹ್ಯಾಟ್ 5ರಲ್ಲಿ ಸುಡೋ 1.7 ಇತ್ತು, ಅದಕ್ಕೆ ಈ ತೂತಿಲ್ಲ, ಬೇರೆ ತೂತುಗಳು ಬೇಕಾದಷ್ಟಿವೆ ಅದು ಬೇರೆ ಮಾತು. 6, 7, 8 ಮೂರಕ್ಕೂ ಇದೆ. 9 ಬಂದಿದ್ದೇ 2022ರಲ್ಲಿ, ಸುಡೋ 1.9.5ಪಿ2 ಜೊತೆಗೇ ಬಂತು, ಹಾಗಾಗಿ ಅದಕ್ಕಿಲ್ಲ.

ಎಚ್ಚರ: ಸೆಂಟ್‌ಓಎಸ್ 6 ಇಟ್ಕೊಂಡಿರೋರು ಗಮನ ಇಟ್ಟು ಓದಿ. ಸೆಂಟ್‌ಓಎಸ್ ಅಂದ್ರೆ ರೆಡ್ ಹ್ಯಾಟ್ ಕೋಡಿಂದಲೇ ಕಟ್ಟಿದ ಪುಕ್ಕಟೆ ಓಎಸ್. ಅದರ ಆಯಸ್ಸು ಮುಗಿದಿದ್ದು 2020ರ ನವೆಂಬರ್ 30ಕ್ಕೆ, ಈ ತೂತು ಗೊತ್ತಾಗಿದ್ದು ಅದಾಗಿ ಎರಡು ತಿಂಗಳಿಗೆ. ಹಾಗಾಗಿ ಸೆಂಟ್‌ಓಎಸ್ ಕಡೆಯಿಂದ 6ಕ್ಕೆ ಪ್ಯಾಚ್ ಬರಲೇ ಇಲ್ಲ. ರೆಡ್ ಹ್ಯಾಟ್ 6ಕ್ಕೆ ಇಎಲ್‌ಎಸ್ ಅನ್ನೋ ಹೆಚ್ಚುವರಿ ದುಡ್ಡಿನ ಸಬ್‌ಸ್ಕ್ರಿಪ್ಷನ್ ಇದ್ದೋರಿಗೆ ಮಾತ್ರ ಸಿಕ್ತು. ಸೆಂಟ್‌ಓಎಸ್ 6ರಲ್ಲಿ ಎಷ್ಟು ಸಲ ಯಮ್ ಅಪ್‌ಡೇಟ್ ಹೊಡೆದ್ರೂ ಹೊಸದು ಬರಲ್ಲ, ಬರ್ಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿ ಇದೆ ಅಂತಲ್ಲ. ಅಂಥಾ ಮಷಿನ್‌ನ ಬೇರೆ ಓಎಸ್‌ಗೆ ಸಾಗಿಸೋ ಕೆಲಸ ಇವತ್ತೇ ಶುರು ಮಾಡಿ, ಅಲ್ಲಿವರೆಗೂ ಹಂತ 6 ನೋಡಿ.

ಹಂತ 2: ವರ್ಷನ್ ಓದೋದು (ಹೆಚ್ಚಿನವರು ಎಡವೋದು ಇಲ್ಲೇ)

"ಸುಡೋ -ವಿ" ಅಂತ ದೊಡ್ಡಕ್ಷರದ ವಿ ಹೊಡೆದ್ರೆ 1.8.23 ಅಂತಲೋ 1.8.29 ಅಂತಲೋ ಬರುತ್ತೆ. ಅದನ್ನ ನೋಡಿ "1.9.5ಪಿ2ಗಿಂತ ಹಳೇದು, ಅಂದ್ರೆ ತೂತಿದೆ" ಅಂತ ತೀರ್ಮಾನ ಮಾಡೋದು ತಪ್ಪು. ರೆಡ್ ಹ್ಯಾಟ್‌ನವರು ಬ್ಯಾಕ್‌ಪೋರ್ಟ್ ಮಾಡ್ತಾರೆ, ಅಂದ್ರೆ ಹೊಸ ವರ್ಷನ್ ತಂದು ಹಾಕಲ್ಲ, ಹಳೇ ವರ್ಷನ್ ಹಂಗೇ ಇಟ್ಕೊಂಡು ಸರಿ ಮಾಡಿರೋ ಕೆಲವು ಸಾಲುಗಳನ್ನ ಮಾತ್ರ ಅದಕ್ಕೆ ಸೇರಿಸ್ತಾರೆ. ವರ್ಷಗಟ್ಟಲೆ ಓಡ್ತಿರೋ ಬ್ಯಾಂಕ್, ಆಸ್ಪತ್ರೆ ಸಾಫ್ಟ್‌ವೇರ್‌ಗಳು ವರ್ಷನ್ ಬದಲಾದ್ರೆ ಕೈಕೊಡಬಾರ್ದು ಅಂತ ಹಿಂಗ್ ಮಾಡೋದು, ನನ್ನ ಪ್ರಕಾರ ಒಳ್ಳೇ ಪದ್ಧತಿ, ಆದ್ರೆ ವರ್ಷನ್ ನಂಬರ್ ಒಂದನ್ನೇ ನೋಡೋ ಸ್ಕ್ಯಾನರ್‌ಗಳಿಗೂ ಮನುಷ್ಯರಿಗೂ ಇದು ಗೊಂದಲ ಮಾಡುತ್ತೆ.

ನೀವು ನೋಡಬೇಕಿರೋದು ವರ್ಷನ್ ಆದ್ಮೇಲೆ ಬರೋ ರಿಲೀಸ್ ಭಾಗ. "ಆರ್‌ಪಿಎಂ -ಕ್ಯೂ ಸುಡೋ" ಹೊಡೀರಿ. ಆರ್‌ಪಿಎಂ ಅಂದ್ರೆ ಹಾಕಿರೋ ಸಾಫ್ಟ್‌ವೇರ್ ಪ್ಯಾಕೇಜ್‌ಗಳ ಲೆಕ್ಕ ಇಡೋ ಕಮಾಂಡ್, ಪ್ಯಾಕೇಜ್ ಫೈಲ್‌ಗೂ ಅದೇ ಹೆಸರು. ರೆಡ್ ಹ್ಯಾಟ್ 7ರಲ್ಲಿ 1.8.23-10.ಇಎಲ್7_9.1 ಅಥವಾ ಅದಕ್ಕಿಂತ ಮೇಲಿದ್ರೆ ಸರಿಯಾಗಿದೆ. 8ರಲ್ಲಿ 1.8.29-6.ಇಎಲ್8_3.1 ಅಥವಾ ಮೇಲೆ. ಎರಡು ಸಾಲನ್ನ ಪಕ್ಕಪಕ್ಕ ಇಟ್ಟು ನೋಡಿ: 1.8.23-10.ಇಎಲ್7 ಅಂದ್ರೆ ತೂತಿದೆ, 1.8.23-10.ಇಎಲ್7_9.1 ಅಂದ್ರೆ ಮುಚ್ಚಿದೆ. ಮುಂದಿನ 1.8.23 ಎರಡರಲ್ಲೂ ಒಂದೇ, ವ್ಯತ್ಯಾಸ ಇರೋದು ಬಾಲದಲ್ಲಿ.

ಇಯುಎಸ್ ಅಂತ, ಒಂದೇ ಸಣ್ಣ ಆವೃತ್ತಿಯಲ್ಲಿ ಜಾಸ್ತಿ ದಿನ ನಿಲ್ಲೋ ಸಬ್‌ಸ್ಕ್ರಿಪ್ಷನ್ ಇದ್ಯಲ್ಲ, ಅದ್ರಲ್ಲಿ ನಂಬರ್‌ಗಳು ಬೇರೆ ಇರುತ್ವೆ. ಅದಕ್ಕೇ ನಾನು ನಂಬರ್‌ಗಿಂತ ಚೇಂಜ್‌ಲಾಗ್, ಅಂದ್ರೆ ಪ್ಯಾಕೇಜಲ್ಲಿ ಏನೇನು ಬದಲಾಯ್ತು ಅನ್ನೋ ಪಟ್ಟಿ, ಅದನ್ನ ನಂಬ್ತೀನಿ. "ಆರ್‌ಪಿಎಂ -ಕ್ಯೂ --ಚೇಂಜ್‌ಲಾಗ್ ಸುಡೋ | ಗ್ರೆಪ್ 3156" ಹೊಡೀರಿ. ಸಿವಿಇ ನಂಬರ್ ಇರೋ ಸಾಲು ಬಂದ್ರೆ ಆ ಪ್ಯಾಕೇಜ್ ಕಟ್ಟುವಾಗ ಸರಿ ಮಾಡಿರೋ ಕೋಡ್ ಸೇರಿಸಿದಾರೆ ಅಂತರ್ಥ. ಏನೂ ಬರದೇ ಪ್ರಾಂಪ್ಟ್ ವಾಪಸ್ ಬಂದ್ರೆ, ರೆಡ್ ಹ್ಯಾಟ್ 6, 7, 8ರಲ್ಲಿ ಒಂದಾಗಿದ್ರೆ, ತೂತಿದೆ ಅಂತಲೇ ಇಟ್ಕೊಂಡು ಮುಂದೆ ಹೋಗಿ.

ಹಂತ 3: ಟೆಸ್ಟ್ ಮಾಡಿ ನೋಡಿ

ರೂಟ್ ಅಲ್ಲದ ಸಾಮಾನ್ಯ ಯೂಸರ್ ಆಗಿ ಲಾಗಿನ್ ಆಗಿ, "ಸುಡೋಎಡಿಟ್ -ಎಸ್ /" ಅಂತ ಹೊಡೀರಿ. ಇಷ್ಟೇ. ಇದ್ರಿಂದ ಏನೂ ಹಾಳಾಗಲ್ಲ.

ಪ್ಯಾಚ್ ಆಗಿದ್ರೆ "ಯೂಸೇಜ್:" ಅಂತ ಶುರುವಾಗೋ ಸಾಲು ಬರುತ್ತೆ, ಅಂದ್ರೆ ಈ ಆಪ್ಷನ್ ಹಿಂಗ್ ಕೊಡಂಗಿಲ್ಲ ಅಂತ ಬಾಗಿಲಲ್ಲೇ ವಾಪಸ್ ಕಳಿಸ್ತು. ಪ್ಯಾಚ್ ಆಗದಿದ್ರೆ "ಸುಡೋಎಡಿಟ್:" ಅಂತ ಶುರುವಾಗಿ "/: ನಾಟ್ ಎ ರೆಗ್ಯುಲರ್ ಫೈಲ್" ಅಂತ ಬರುತ್ತೆ, ಅಂದ್ರೆ ಆಪ್ಷನ್ ಒಪ್ಕೊಂಡು ಒಳಗೆ ಹೋಗಿ ಫೈಲ್ ತೆಗೆಯೋಕೆ ನೋಡಿದೆ.

ನಡುವೆ ಪಾಸ್‌ವರ್ಡ್ ಕೇಳಿದ್ರೆ? ಇದನ್ನ ತುಂಬಾ ಜನ ಕೇಳ್ತಾರೆ. ಪಾಸ್‌ವರ್ಡ್ ಕೇಳೋ ಮಟ್ಟಕ್ಕೆ ಹೋಗಿದೆ ಅಂದ್ರೆ ಆಪ್ಷನ್ ಒಪ್ಕೊಂಡಾಯ್ತು ಅಂತಲೇ, ಅದೂ ಪ್ಯಾಚ್ ಆಗಿಲ್ಲ ಅನ್ನೋದರ ಗುರುತು. ಪಾಸ್‌ವರ್ಡ್ ಕೇಳ್ತಲ್ಲ, ಹಾಗಾದ್ರೆ ಸೇಫ್ ಅಂತ ಕಂಟ್ರೋಲ್ ಸಿ ಹೊಡೆದು ಹೊರಗೆ ಬಂದು ಪಟ್ಟೀಲಿ ಟಿಕ್ ಹಾಕ್ಬೇಡಿ.

ಎಚ್ಚರ: ಇಂಟರ್ನೆಟ್‌ನಲ್ಲಿ ಸಿಗೋ ಎಕ್ಸ್‌ಪ್ಲಾಯ್ಟ್ ಕೋಡ್, ಅಂದ್ರೆ ತೂತು ಬಳಸಿ ದಾಳಿ ಮಾಡೋ ಕೋಡ್, ತಂದು ಪ್ರೊಡಕ್ಷನ್ ಸರ್ವರ್‌ನಲ್ಲಿ ಓಡಿಸ್ಬೇಡಿ. ಕೆಲವು ಕೋಡ್‌ಗಳು /ಇಟಿಸಿ/ಪಾಸ್‌ಡಬ್ಲ್ಯೂಡಿ ಫೈಲನ್ನೇ ಬದಲಾಯಿಸುತ್ವೆ, ಲಾಗಿನ್ ಆಗೋಕೇ ಆಗದಂಗೆ ಆಗಬಹುದು. ಮೇಲಿನ ಒಂದು ಸಾಲಿನ ಟೆಸ್ಟ್ ಸಾಕು.

ಹಂತ 4: ಅಪ್‌ಡೇಟ್‌ಗೆ ಮುಂಚೆ

ಎರಡು ಟರ್ಮಿನಲ್ ತೆಗೀರಿ, ಒಂದರಲ್ಲಿ ರೂಟ್ ಆಗಿ ಲಾಗಿನ್ ಆಗಿ ಅದನ್ನ ಹಂಗೇ ಬಿಡಿ, ಕೆಲಸ ಪೂರ್ತಿ ಮುಗಿಯೋವರೆಗೂ ಮುಚ್ಚಬೇಡಿ. ಸುಡೋಯರ್ಸ್ ಫೈಲ್ ಏನಾದ್ರೂ ಕೆಟ್ರೆ ಸುಡೋ ಕೆಲಸಾನೇ ಮಾಡಲ್ಲ, ಆಗ ಸುಡೋ ಸರಿ ಮಾಡೋಕೆ ಸುಡೋನೇ ಬೇಕು ಅನ್ನೋ ಪರಿಸ್ಥಿತಿ ಬರುತ್ತೆ. ಅನ್ಸಿಬಲ್‌ನಲ್ಲಿ ನೂರಾರು ಸರ್ವರ್‌ಗೆ ಒಟ್ಟಿಗೆ ಹೊಡೆಯೋರಂತೂ ಮೊದ್ಲು ಎರಡು ಮೂರು ಸರ್ವರ್‌ಗೆ ಮಾಡಿ ನೋಡಿ, ಯಾಕಂದ್ರೆ ಅನ್ಸಿಬಲ್ ಒಳಗೆ ಹೋಗೋದೂ ಸಾಮಾನ್ಯವಾಗಿ ಸುಡೋ ಮೂಲಕವೇ. /ಇಟಿಸಿ/ಸುಡೋಯರ್ಸ್ ಫೈಲ್ ಮತ್ತೆ /ಇಟಿಸಿ/ಸುಡೋಯರ್ಸ್.ಡಿ ಫೋಲ್ಡರ್ ಎರಡರದ್ದೂ ಕಾಪಿ ರೂಟ್‌ನ ಹೋಮ್‌ನಲ್ಲಿ ಇಟ್ಕೊಳಿ, ಅದೇ ಸುಡೋಯರ್ಸ್.ಡಿ ಒಳಗೆ ಮಾತ್ರ ಬ್ಯಾಕಪ್ ಇಡಬೇಡಿ, ಹೆಸರಲ್ಲಿ ಚುಕ್ಕಿ ಇಲ್ಲದಿದ್ರೆ ಸುಡೋ ಆ ಬ್ಯಾಕಪ್ಪನ್ನೂ ಓದುತ್ತೆ.

ಹಂತ 5: ಅಪ್‌ಡೇಟ್

"ಯಮ್ ಅಪ್‌ಡೇಟ್ ಸುಡೋ". 8ರಲ್ಲಿ "ಡಿಎನ್‌ಎಫ್ ಅಪ್‌ಡೇಟ್ ಸುಡೋ". ಎರಡು ನಿಮಿಷದ ಕೆಲಸ, ರೀಬೂಟ್ ಬೇಡ, ಯಾವ ಸರ್ವಿಸೂ ರೀಸ್ಟಾರ್ಟ್ ಮಾಡೋದ್ ಬೇಡ. ಸುಡೋ ಪ್ರತಿ ಸಲ ಹೊಸದಾಗಿ ಶುರುವಾಗೋ ಪ್ರೋಗ್ರಾಂ, ಡೀಮನ್ ತರ ಮೆಮೊರಿಯಲ್ಲಿ ಕೂತಿರಲ್ಲ. 2015ರ ಗೋಸ್ಟ್ ತೂತು ನೆನಪಿದ್ಯಾ, ಅದು ಜಿಲಿಬ್‌ಸಿ ಲೈಬ್ರರಿಯಲ್ಲಿ ಇದ್ದಿದ್ರಿಂದ ಪ್ಯಾಚ್ ಆದ್ಮೇಲೂ ಸರ್ವಿಸ್‌ಗಳನ್ನೆಲ್ಲ ರೀಸ್ಟಾರ್ಟ್ ಮಾಡ್ಬೇಕಿತ್ತು, ಇಲ್ಲಿ ಆ ಕಷ್ಟ ಇಲ್ಲ. ಹಾಗಾಗಿ "ಡೌನ್‌ಟೈಮ್ ಸಿಕ್ಕಿಲ್ಲ" ಅನ್ನೋ ಕಾರಣಕ್ಕೆ ಇದನ್ನ ಮುಂದೂಡ್ಬೇಡಿ, ಡೌನ್‌ಟೈಮೇ ಬೇಡ ಅಂತ ಮ್ಯಾನೇಜರ್‌ಗೆ ಬಿಡಿಸಿ ಹೇಳಿ.

ಅಪ್‌ಡೇಟ್ ಬರ್ತಿಲ್ಲ ಅಂದ್ರೆ ಸಾಮಾನ್ಯವಾಗಿ ಕಾರಣ ಇವು:

/ಇಟಿಸಿ/ಯಮ್.ಕಾನ್ಫ್ ಒಳಗೆ "ಎಕ್ಸ್‌ಕ್ಲೂಡ್=ಸುಡೋ*" ಅಂತ, ಅಂದ್ರೆ ಸುಡೋ ಮುಟ್ಟಬೇಡ ಅಂತ, ಯಾರೋ ಯಾವತ್ತೋ ಬರೆದಿಟ್ಟಿರ್ತಾರೆ, ಅಥವಾ ವರ್ಷನ್ ಬದಲಾಗದಂಗೆ ಹಿಡಿದಿಡೋ ವರ್ಷನ್‌ಲಾಕ್ ಪ್ಲಗಿನ್ ಹಾಕಿರ್ತಾರೆ. ನಾನು ನೋಡಿದ ಒಂದು ಕಡೆ ಎಲ್ಲಾ ಸರ್ವರ್ ಪ್ಯಾಚ್ ಆಗಿ ಒಂದೇ ಒಂದು ಡೇಟಾಬೇಸ್ ಸರ್ವರ್ ಹಿಂಗೇ ಉಳ್ಕೊಂಡಿತ್ತು, ಯಮ್ ಮಾತ್ರ ತಣ್ಣಗೆ "ಅಪ್‌ಡೇಟ್‌ಗೆ ಏನೂ ಇಲ್ಲ" ಅಂತ ಹೇಳ್ತಿತ್ತು. "ಗ್ರೆಪ್ -ಆರ್ ಎಕ್ಸ್‌ಕ್ಲೂಡ್ /ಇಟಿಸಿ/ಯಮ್.ಕಾನ್ಫ್ /ಇಟಿಸಿ/ಯಮ್.ರೆಪೋಸ್.ಡಿ" ಹೊಡೆದು ನೋಡಿ.

ಸೆಂಟ್‌ಓಎಸ್‌ನಲ್ಲಿ "ಯಮ್ ಅಪ್‌ಡೇಟ್ --ಸೆಕ್ಯುರಿಟಿ" ಹೊಡೀತಿದ್ರೆ ಅದನ್ನ ನಂಬಬೇಡಿ. ಯಾವುದು ಸೆಕ್ಯುರಿಟಿ ಪ್ಯಾಚ್ ಅಂತ ಗುರುತು ಮಾಡೋ ಮಾಹಿತಿ ಸೆಂಟ್‌ಓಎಸ್ ರೆಪೋಗಳಲ್ಲಿ, ಅಂದ್ರೆ ಪ್ಯಾಕೇಜ್ ಇಟ್ಟಿರೋ ಭಂಡಾರಗಳಲ್ಲಿ, ಇರ್ಲಿಲ್ಲ, ಹಾಗಾಗಿ ಯಾವಾಗ್ಲೂ ಏನೂ ಬೇಕಿಲ್ಲ ಅಂತಲೇ ಬರುತ್ತೆ. ಪ್ಯಾಕೇಜ್ ಹೆಸರು ಕೊಟ್ಟೇ ಅಪ್‌ಡೇಟ್ ಮಾಡಿ.

ಸೆಂಟ್‌ಓಎಸ್ 7ರ ಆಯಸ್ಸು 2024ರ ಜೂನ್ 30ಕ್ಕೆ, 8ರದ್ದು 2021ರ ಡಿಸೆಂಬರ್ 31ಕ್ಕೆ ಮುಗೀತು, ಮಾಮೂಲಿ ಮಿರರ್‌ಗಳು ಈಗ ಸಿಗಲ್ಲ. ಆದ್ರೆ ಈ ಪ್ಯಾಚ್ ಬಂದಿದ್ದು ಅವು ಬದುಕಿದ್ದಾಗಲೇ, ವಾಲ್ಟ್ ಅನ್ನೋ ಹಳೇ ಭಂಡಾರದಲ್ಲಿ ಇದೆ, ರೆಪೋ ವಿಳಾಸ ಅಲ್ಲಿಗೆ ತಿರುಗಿಸಿದ್ರೆ ಸಿಗುತ್ತೆ.

ಇಂಟರ್ನೆಟ್ ಇಲ್ಲದ ಸರ್ವರ್ ಆದ್ರೆ ಇನ್ನೊಂದು ಮಷಿನ್‌ನಲ್ಲಿ ಆರ್‌ಪಿಎಂ ಇಳಿಸ್ಕೊಂಡು, "ಆರ್‌ಪಿಎಂ -ಕೆ" ಅಂತ ದೊಡ್ಡಕ್ಷರದ ಕೆ ಹೊಡೆದು ಸಹಿ ಸರಿ ಇದ್ಯಾ ನೋಡ್ಕೊಂಡು, ಆಮೇಲೆ ಹಾಕಿ. ಯಾವುದೋ ಸೈಟಿಂದ ಸಿಕ್ಕ ಸುಡೋ ಆರ್‌ಪಿಎಂ ಮಾತ್ರ ಹಾಕ್ಲೇಬೇಡಿ, ರೂಟ್ ಕೀಲಿಕೈ ಅದು.

ಹಾಕಿದ್ಮೇಲೆ "ವಿಸುಡೋ -ಸಿ" ಹೊಡೆದು ಸುಡೋಯರ್ಸ್ ಫೈಲ್ ಸರಿಯಿದ್ಯಾ ನೋಡಿ. /ಇಟಿಸಿ/ಸುಡೋಯರ್ಸ್.ಆರ್‌ಪಿಎಂನ್ಯೂ ಅನ್ನೋ ಫೈಲ್ ಹೊಸದಾಗಿ ಕಂಡ್ರೆ ಹೆದರ್ಬೇಡಿ, ನೀವು ಬದಲಾಯಿಸಿದ ಫೈಲನ್ನ ಮುಟ್ಟದೇ ಹೊಸ ಮಾದರೀನ ಪಕ್ಕದಲ್ಲಿಟ್ಟಿದೆ ಅಷ್ಟೇ, ಅದನ್ನ ತಗೊಂಡೋಗಿ ಹಳೇದರ ಮೇಲೆ ಹಾಕ್ಬೇಡಿ. ಆಮೇಲೆ ಎರಡನೇ ಟರ್ಮಿನಲ್‌ನಲ್ಲಿ ಹಂತ 2, 3 ಮತ್ತೆ ಮಾಡಿ.

ಎಲ್ಲಾ ಸರಿ ಮಾಡಿದ್ರೂ ಟೆಸ್ಟ್‌ನಲ್ಲಿ ಇನ್ನೂ "ಸುಡೋಎಡಿಟ್:" ಅಂತಲೇ ಬರ್ತಿದ್ರೆ "ವಿಚ್ -ಎ ಸುಡೋಎಡಿಟ್" ಹೊಡೀರಿ. ಯಾರೋ ಹಿಂದೆ ಸೋರ್ಸ್‌ನಿಂದ ಕಂಪೈಲ್ ಮಾಡಿ /ಯುಎಸ್‌ಆರ್/ಲೋಕಲ್/ಬಿನ್‌ನಲ್ಲಿ ಇನ್ನೊಂದು ಸುಡೋ ಹಾಕಿರಬಹುದು, ಅದು ಆರ್‌ಪಿಎಂಗೆ ಗೊತ್ತೇ ಇರಲ್ಲ. ಮೂಲೇಲಿರೋದನ್ನೂ ಹುಡುಕೋಕೆ "ಫೈಂಡ್ / -ಪರ್ಮ್ -4000 -ನೇಮ್ 'ಸುಡೋ*'" ಒಳ್ಳೇದು.

ಹಂತ 6: ಈಗಲೇ ಅಪ್‌ಡೇಟ್ ಮಾಡೋಕೆ ಆಗಲ್ಲ ಅಂದ್ರೆ

ಇದು ತಾತ್ಕಾಲಿಕ ಮಾತ್ರ. ರೆಡ್ ಹ್ಯಾಟ್‌ನವರೇ ಕೊಟ್ಟ ದಾರಿ ಸಿಸ್ಟಂಟ್ಯಾಪ್, ಅಂದ್ರೆ ಓಡ್ತಿರೋ ಪ್ರೋಗ್ರಾಂಗಳ ಮೇಲೆ ಕಣ್ಣಿಡೋ ಸಾಧನ. ಸುಡೋ ಶುರುವಾದ ತಕ್ಷಣ ಯಾವ ಹೆಸರಲ್ಲಿ ಕರೆದಿದಾರೆ ನೋಡಿ, ಹೆಸರಲ್ಲಿ "ಎಡಿಟ್" ಇದ್ರೆ ಅಲ್ಲೇ ಕೊಂದುಹಾಕೋ ನಾಲ್ಕೈದು ಸಾಲಿನ ಸ್ಕ್ರಿಪ್ಟ್, ಅವರ ಸಿವಿಇ ಪುಟದಲ್ಲಿದೆ. ಕರ್ನಲ್-ಡೆವೆಲ್ ಮತ್ತೆ ಡೀಬಗ್ಇನ್ಫೋ ಪ್ಯಾಕೇಜ್‌ಗಳು ಬೇಕು. ರೀಬೂಟ್ ಆದ್ರೆ ಹೊರಟೋಗುತ್ತೆ, ಮತ್ತೆ ಹಾಕ್ಬೇಕು. ಸುಡೋಎಡಿಟ್ ಆಗ ಯಾರಿಗೂ ಕೆಲಸ ಮಾಡಲ್ಲ, ಮಾಮೂಲಿ ಸುಡೋ ಮಾಡುತ್ತೆ.

ಕೆಲವರು ಇಷ್ಟೆಲ್ಲ ಯಾಕೆ ಅಂತ /ಯುಎಸ್‌ಆರ್/ಬಿನ್/ಸುಡೋಎಡಿಟ್ ಫೈಲ್ ಡಿಲೀಟ್ ಮಾಡಿ ಆಯ್ತು ಅಂತ ಕೂತ್ಕೋತಾರೆ. ದಯವಿಟ್ಟು ಇದನ್ನ ನಂಬ್ಕೋಬೇಡಿ. ಅದು ಬರೀ ಸಿಮ್‌ಲಿಂಕ್, ಅಂದ್ರೆ ಸುಡೋ ಕಡೆ ಬೆರಳು ತೋರಿಸೋ ಹೆಸರು ಅಷ್ಟೇ. ಯಾವ ಯೂಸರ್ ಬೇಕಾದ್ರೂ ತನ್ನ ಹೋಮ್‌ನಲ್ಲಿ ಇನ್ನೊಂದು ಸಿಮ್‌ಲಿಂಕ್ ಮಾಡ್ಕೋಬಹುದು, ಹೆಸರಿನ ಕೊನೇಲಿ "ಎಡಿಟ್" ಇದ್ರೆ ಸುಡೋ ಎಡಿಟ್ ಮೋಡ್‌ಗೆ ಹೋಗುತ್ತೆ.

ಸಿಸ್ಟಂಟ್ಯಾಪೂ ಆಗಲ್ಲ, ಸೆಂಟ್‌ಓಎಸ್ 6 ತರದ್ದು ಅಂದ್ರೆ, ಕನ್ಸೋಲ್‌ನಲ್ಲಿ ರೂಟ್ ಪಾಸ್‌ವರ್ಡ್ ಕೆಲಸ ಮಾಡುತ್ತೆ ಅಂತ ಖಾತ್ರಿ ಮಾಡ್ಕೊಂಡು "ಸಿಎಚ್‌ಮಾಡ್ ಯು-ಎಸ್ /ಯುಎಸ್‌ಆರ್/ಬಿನ್/ಸುಡೋ" ಹೊಡೆದು ಸೆಟ್‌ಯುಐಡಿ ಗುರುತೇ ತೆಗೆದುಬಿಡಿ. ಸುಡೋ ಪೂರ್ತಿ ನಿಂತೋಗುತ್ತೆ, ಅದನ್ನ ನಂಬಿರೋ ಸ್ಕ್ರಿಪ್ಟ್‌ಗಳೂ ನಿಲ್ತಾವೆ, ಆದ್ರೆ ತೂತೂ ಉಪಯೋಗಕ್ಕೆ ಬರಲ್ಲ.

ಹಂತ 7: ಅಷ್ಟರಲ್ಲಿ ಯಾರಾದ್ರೂ ಒಳಗೆ ಬಂದಿದ್ರಾ

ಪ್ಯಾಚ್ ಹಾಕಿದ್ರೆ ಮುಂದೆ ಬರೋರನ್ನ ತಡೀಬಹುದು, ಈಗಾಗ್ಲೇ ಒಳಗಿರೋರನ್ನ ಹೊರಗೆ ಹಾಕಲ್ಲ. ಈ ತೂತನ್ನ ನಿಜವಾದ ದಾಳಿಗಳಲ್ಲಿ ಬಳಸಿದಾರೆ ಅಂತ ಅಮೆರಿಕದಲ್ಲಿ ಸೈಬರ್ ಭದ್ರತೆ ನೋಡ್ಕೊಳ್ಳೋ ಸಿಸಾ ಸಂಸ್ಥೆ ತನ್ನ ಪಟ್ಟೀಲಿ ಸೇರಿಸಿದೆ, ಹಾಗಾಗಿ ವರ್ಷಗಟ್ಟಲೆ ತೆರೆದಿದ್ದ ಸರ್ವರ್ ಆದ್ರೆ ಈ ಹಂತ ಬಿಡಬೇಡಿ.

/ಇಟಿಸಿ/ಪಾಸ್‌ಡಬ್ಲ್ಯೂಡಿ ತೆಗೆದು ಮೂರನೇ ಕಾಲಂ ನೋಡ್ತಾ ಹೋಗಿ, ಸೊನ್ನೆ ಇರೋದು ರೂಟ್ ಒಂದಕ್ಕೇ ಇರಬೇಕು, ಇನ್ಯಾವ ಹೆಸರಿಗಾದ್ರೂ ಸೊನ್ನೆ ಇದ್ರೆ ಅದೂ ರೂಟೇ. "ಆರ್‌ಪಿಎಂ -ವಿ ಸುಡೋ" ದೊಡ್ಡಕ್ಷರದ ವಿ ಹೊಡೆದ್ರೆ ಪ್ಯಾಕೇಜ್‌ನ ಫೈಲ್‌ಗಳು ಬದಲಾಗಿವ್ಯಾ ಅಂತ ಹೇಳುತ್ತೆ, ಸುಡೋಯರ್ಸ್ ಫೈಲ್ ಬದಲಾಗಿದೆ ಅಂತ ಬಂದ್ರೆ ಅದು ನೀವೇ ಮಾಡಿದ್ದಿರುತ್ತೆ, ಆದ್ರೆ /ಯುಎಸ್‌ಆರ್/ಬಿನ್/ಸುಡೋ ಬದಲಾಗಿದೆ ಅಂತ ಬಂದ್ರೆ ಕೂತು ಯೋಚ್ನೆ ಮಾಡ್ಬೇಕು. /ವಾರ್/ಲಾಗ್/ಸೆಕ್ಯೂರ್‌ನಲ್ಲಿ ಗುರುತಿಲ್ಲದ ಲಾಗಿನ್, ಕರ್ನಲ್ ಲಾಗ್‌ನಲ್ಲಿ ಸುಡೋ ಅಥವಾ ಸುಡೋಎಡಿಟ್ ಹೆಸರಿನ ಸೆಗ್‌ಫಾಲ್ಟ್ ಸಾಲುಗಳು ಹುಡುಕಿ. ಸೆಗ್‌ಫಾಲ್ಟ್ ಅಂದ್ರೆ ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈ ಹಾಕಿ ಸತ್ತಿದ್ದು. ಮಾಮೂಲಾಗಿ ಸುಡೋ ಹಂಗೆ ಸಾಯೋ ಪ್ರೋಗ್ರಾಂ ಅಲ್ಲ, ಒಂದೇ ರಾತ್ರೀಲಿ ಹತ್ತಾರು ಸಲ ಸತ್ತಿದ್ರೆ ಯಾರೋ ಮತ್ತೆ ಮತ್ತೆ ಪ್ರಯತ್ನ ಮಾಡಿದಾರೆ ಅಂತ. ಏನಾದ್ರೂ ಸಿಕ್ರೆ ಮಷಿನ್ ಆಫ್ ಮಾಡ್ಬೇಡಿ, ಲಾಗ್ ಅಳಿಸ್ಬೇಡಿ, ನೆಟ್‌ವರ್ಕ್‌ನಿಂದ ಬಿಡಿಸಿ ಸೆಕ್ಯುರಿಟಿ ಟೀಮ್‌ಗೆ ಕೊಡಿ. ಏನೂ ಸಿಗ್ಲಿಲ್ಲ ಅಂದ್ರೂ ನಿಶ್ಚಿಂತೆ ಅಂತಲ್ಲ, ರೂಟ್ ಆದವರು ಲಾಗ್ ಒರೆಸಿ ಹೋಗಬಲ್ಲರು, ಬೇರೆ ಮಷಿನ್‌ಗೆ ಕಳಿಸೋ ಲಾಗ್ ಇದ್ರೆ ಅದನ್ನ ಜಾಸ್ತಿ ನಂಬಿ.

ಹಂತ 8: ಆಡಿಟ್‌ನವರಿಗೆ ಉತ್ತರ

ಬಾಯಿಮಾತಲ್ಲಿ ಬ್ಯಾಕ್‌ಪೋರ್ಟ್ ಅಂತ ವಾದ ಮಾಡ್ತಾ ಕೂತ್ರೆ ಮುಗಿಯಲ್ಲ. ಮೂರು ಔಟ್‌ಪುಟ್ ಕಳಿಸಿ: ಆರ್‌ಪಿಎಂ -ಕ್ಯೂ ಕೊಟ್ಟ ಪೂರ್ತಿ ಹೆಸರು, ಚೇಂಜ್‌ಲಾಗ್‌ನಲ್ಲಿ ಸಿವಿಇ ನಂಬರ್ ಇರೋ ಸಾಲು, ಸುಡೋಎಡಿಟ್ ಟೆಸ್ಟ್ ಕೊಟ್ಟ "ಯೂಸೇಜ್:" ಸಾಲು. ಜೊತೆಗೆ ರೆಡ್ ಹ್ಯಾಟ್‌ನ ಅಡ್ವೈಸರಿ ನಂಬರ್, ಅಂದ್ರೆ ಪ್ಯಾಚ್ ಬಿಡುವಾಗ ಹೊರಡಿಸಿದ ಪ್ರಕಟಣೆಯ ನಂಬರ್ ಬರೀರಿ, 7ಕ್ಕೆ ಆರ್‌ಎಚ್‌ಎಸ್‌ಎ-2021:0221, 8ಕ್ಕೆ ಆರ್‌ಎಚ್‌ಎಸ್‌ಎ-2021:0218. ಸ್ಕ್ಯಾನರ್ ಲಾಗಿನ್ ಇಲ್ದೇ ಹೊರಗಿಂದ ಓಡಿಸಿದ್ರೆ ಅದಕ್ಕೆ ಒಳಗಿನ ಸುಡೋ ಕಾಣಲ್ಲ, ಲಾಗಿನ್ ಕೊಟ್ಟು ಮತ್ತೆ ಓಡಿಸೋಕೆ ಕೇಳ್ಕೊಳಿ.

ಉಬುಂಟು, ಡೆಬಿಯನ್‌ನೋರೂ ಹಿಂಗೇ ಬ್ಯಾಕ್‌ಪೋರ್ಟ್ ಮಾಡ್ತಾರೆ, ಉಬುಂಟು 20.04ರಲ್ಲಿ 1.8.31-1ಉಬುಂಟು1.2 ಇಂದ ಮೇಲೆ ಸರಿ, ನೋಡೋಕೆ "ಡಿಪಿಕೆಜಿ -ಎಲ್ ಸುಡೋ".

ಹಂತ 9: ಇಮೇಜ್‌ಗಳು

ಓಡ್ತಿರೋ ಸರ್ವರ್‌ಗಳೆಲ್ಲ ಪ್ಯಾಚ್ ಆದ್ಮೇಲೂ ಆರು ತಿಂಗಳಿಗೆ ಈ ತೂತು ವಾಪಸ್ ಬರೋದು ಟೆಂಪ್ಲೇಟ್‌ಗಳಿಂದ. 2020ರಲ್ಲಿ ಮಾಡಿಟ್ಟ ವಿಎಂ ಟೆಂಪ್ಲೇಟ್, ಕ್ಲೌಡ್ ಇಮೇಜ್, ತಾನಾಗೇ ಇನ್‌ಸ್ಟಾಲ್ ಮಾಡೋ ಕಿಕ್‌ಸ್ಟಾರ್ಟ್ ಜೊತೆ ಬಳಸೋ ಹಳೇ ಐಎಸ್‌ಒ, ಯಾರೋ ಸುಡೋ ಸೇರಿಸಿ ಕಟ್ಟಿಟ್ಟ ಕಂಟೈನರ್ ಇಮೇಜ್, ಹಳೇ ಸ್ನ್ಯಾಪ್‌ಶಾಟ್‌ಗೆ ರಿವರ್ಟ್ ಮಾಡಿದ ಟೆಸ್ಟ್ ಮಷಿನ್, ಇವಿಷ್ಟನ್ನೂ ಒಂದ್ಸಲ ಎಬ್ಬಿಸಿ ಅಪ್‌ಡೇಟ್ ಮಾಡಿ ಮತ್ತೆ ಇಮೇಜ್ ತೆಗೆದಿಡಿ, ಹಳೇ ಇಮೇಜ್ ಡಿಲೀಟ್ ಮಾಡಿ. ಡಿಲೀಟ್ ಮಾಡೋಕೆ ಅನುಮತಿ ಇಲ್ಲ ಅಂದ್ರೆ ಹೆಸರಿನ ಮುಂದೇನೇ "ಬಳಸಬೇಡಿ, 3156" ಅಂತ ಸೇರಿಸಿ, ರಾತ್ರಿ ಎರಡು ಗಂಟೆಗೆ ಅವಸರದಲ್ಲಿ ಹೊಸ ಸರ್ವರ್ ಎಬ್ಬಿಸೋ ಪಾಳಿಯವರಿಗೆ ಕಾಣೋದು ಆ ಹೆಸರೊಂದೇ.